ಅಜ್ಞಾತವಾಸದ ಬುದ್ಧಿಪಾಠ

ವಿಜಯದಶಮಿಯ ಸಾಯಂಕಾಲ ಪುಣೆಯಲ್ಲಿ ಕಿರಿಯರು ಹಿರಿಯರ ಕೈಗೆ ಆಪಟಾ ಎಲೆಯನ್ನಿತ್ತು, ಇದೇ ಬಂಗಾರವೆಂದು ಭಾವಿಸಿ ನಮಸ್ಕರಿಸುವ ಪದ್ಧತಿಯುಂಟು. ಧಾರವಾಡ, ಗದಗ, ವಿಜಯಪುರಗಳ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆತನಗಳಿಗೆ ಅದೇ ಹೊತ್ತಿನಲ್ಲಿ ಊರ ಹೊರಗಿನ ಬನ್ನಿಯ ಮರ ನೆನಪಾಗುತ್ತದೆ. ಬನ್ನಿಗೆ ಈ ಗೌರವವು ಏಕೆ ಬಂದಿತೆಂದು ಕೇಳಿದರೆ ಮನೆಯ ಮಕ್ಕಳೂ ಉತ್ತರ ಹೇಳಬಲ್ಲರು: ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ತಮ್ಮ ಆಯುಧಗಳನ್ನು ಇಟ್ಟದ್ದು ಆ ಮರದ ಮೇಲೆ. ಆದರೆ ಆಯುಧಗಳ ಸಂಗಡ ಅವರು ಇನ್ನೊಂದು ವಸ್ತುವನ್ನೂ ಆ ಮರಕ್ಕೆ ಕಟ್ಟಿದ್ದರೆಂಬುದನ್ನು ಹೆಚ್ಚಿನವರು ಮರೆತಿದ್ದಾರೆ. ಅದೊಂದು ಹೆಣ.

ವಿರಾಟಪರ್ವದ ಆರಂಭದಲ್ಲಿಯೇ ಈ ಸಂಗತಿ ಬರುತ್ತದೆ. ಮತ್ಸ್ಯರಾಜನ ಪಟ್ಟಣದ ಹೊರಗೆ, ಸ್ಮಶಾನದ ಸಮೀಪದಲ್ಲಿ, ಏರಲು ಕಷ್ಟವಾದ ಭೀಕರ ಕೊಂಬೆಗಳುಳ್ಳ ಒಂದು ಶಮೀವೃಕ್ಷವಿತ್ತು. ನಕುಲನು ಅದನ್ನೇರಿ, ಮಳೆಯ ನೀರು ತಾಗದ ಎಡೆಗಳನ್ನು ನೋಡಿ, ಬಿಲ್ಲುಗಳನ್ನು ಗಟ್ಟಿಯಾದ ಹಗ್ಗಗಳಿಂದ ಬಿಗಿದನು. ಬಳಿಕ ಒಂದು ಶವವನ್ನೂ ಅಲ್ಲಿಯೇ ಕಟ್ಟಿದರು. ದುರ್ಗಂಧವನ್ನು ಮೂಸಿದವರು ದೂರದಿಂದಲೇ ಹಿಂದಿರುಗಲಿ ಎಂಬುದು ಉದ್ದೇಶ. ದಾರಿಯಲ್ಲಿ ದನಗಾಹಿಗಳು, ಕುರಿಗಾಹಿಗಳು ಕೇಳಿದಾಗ, ಇವಳು ನಮ್ಮ ತಾಯಿ, ನೂರೆಂಬತ್ತು ವರ್ಷದವಳು, ಹೀಗೆ ಮರಕ್ಕೆ ಕಟ್ಟುವುದು ನಮ್ಮ ಕುಲಧರ್ಮ ಎಂದು ಹೇಳುತ್ತ ಊರನ್ನು ಸೇರಿದರು. ಮರಕ್ಕೆ ಕಾವಲುಗಾರರನ್ನು ಇಡುವಂತಿರಲಿಲ್ಲ. ಕಾವಲಿಟ್ಟರೆ ಅಲ್ಲಿ ಏನೋ ಇದೆಯೆಂದು ಸಾರಿದಂತೆಯೇ ಸರಿ. ಆದ್ದರಿಂದ ಜನರ ಭಯವನ್ನೂ ಅಸಹ್ಯವನ್ನೂ ಕಾವಲಿಗೆ ನಿಲ್ಲಿಸಿದರು. ಒಂದು ವರ್ಷದ ಪರ್ಯಂತ ಸಂಬಳವಿಲ್ಲದೆ ದುಡಿದ ಕಾವಲು ಅದು!

ಹೊಸ ಹೊಸದಾಗಿ ಅರಳುವ ಬುದ್ಧಿಗೆ ನಮ್ಮ ಆಲಂಕಾರಿಕರು ಪ್ರತಿಭೆಯೆಂದು ಹೆಸರಿಟ್ಟರು. ಕಾವ್ಯರಚನೆಗೆ ಮಾತ್ರವೇ ಆ ಹೆಸರನ್ನು ಮೀಸಲಿಡಬೇಕಾದ ಕಾರಣವಿಲ್ಲ. ಇಕ್ಕಟ್ಟಿಗೆ ಸಿಕ್ಕ ಮನುಷ್ಯನು ಇರುವ ಸಾಮಗ್ರಿಯಿಂದಲೇ ಇಲ್ಲದ ದಾರಿಯನ್ನು ಕಂಡುಕೊಳ್ಳುವುದೂ ಪ್ರತಿಭೆಯೇ. ಸೃಜನಶೀಲ ಚಿಂತನೆಯೆಂದು ಇತ್ತೀಚೆಗೆ ಬಹಳವಾಗಿ ಹೇಳಲ್ಪಡುವ ಈ ಗುಣವನ್ನು ಕಲಿಯಲು ಹೊರಗಿನ ಗ್ರಂಥಗಳನ್ನೇ ಅರಸಬೇಕಾಗಿಲ್ಲ. ವಿರಾಟಪರ್ವವೊಂದನ್ನೇ ನಿಧಾನವಾಗಿ ಓದಿದರೆ ಸಾಕಷ್ಟು ದೊರೆಯುತ್ತದೆ. ಆದರೆ ಉಪಾಯವೆಲ್ಲವೂ ಒಂದೇ ಜಾತಿಯದಲ್ಲ. ನಿಯಮವನ್ನು ಪೂರ್ತಿಯಾಗಿ ತಲೆಯ ಮೇಲೆ ಹೊತ್ತು ಅದರೊಳಗೆ ದಾರಿ ಹುಡುಕುವ ಯುಕ್ತಿ ಒಂದು. ನಿಯಮದ ಮಾತನ್ನೇ ತಿರುಚಿ ಭಾರವನ್ನು ಕೆಳಗಿಳಿಸುವ ಕುಯುಕ್ತಿ ಇನ್ನೊಂದು. ಇವೆರಡರ ನಡುವಿನ ಗೆರೆಯನ್ನು ಮಹಾಭಾರತದಷ್ಟು ಸ್ಪಷ್ಟವಾಗಿ ತೋರಿಸಿದ ಗ್ರಂಥ ವಿರಳ.

ಜೂಜಿನಲ್ಲಿ ಸೋತವರಿಗೆ ವಿಧಿಸಿದ ಕರಾರು ಸರ್ವವಿದಿತ: ಹನ್ನೆರಡು ವರ್ಷ ವನವಾಸ, ಹದಿಮೂರನೆಯ ವರ್ಷ ಜನರ ನಡುವೆ ಅಜ್ಞಾತವಾಸ, ಆ ವರ್ಷದಲ್ಲಿ ಗುರುತು ಸಿಕ್ಕರೆ ಮತ್ತೆ ಹನ್ನೆರಡು ವರ್ಷ ಕಾಡು. ವನಪರ್ವದಲ್ಲಿ, ಕಾಡಿಗೆ ಬಂದು ಹದಿಮೂರು ತಿಂಗಳಾದಾಗ ಭೀಮಸೇನನು ಅಣ್ಣನ ಮುಂದೆ ಒಂದು ವಾದವನ್ನು ಹೂಡುತ್ತಾನೆ. ಸೋಮಲತೆ ದೊರೆಯದಾಗ ಯಜ್ಞದಲ್ಲಿ ಪೂತಿಕವೆಂಬ ಬೇರೆ ಬಳ್ಳಿಯನ್ನು ಬಳಸುವುದಿಲ್ಲವೆ? ಹಾಗೆಯೇ ವರ್ಷಕ್ಕೆ ತಿಂಗಳು ಪ್ರತಿನಿಧಿಯೆಂದು ಬಲ್ಲವರು ಹೇಳುತ್ತಾರೆ. ಹದಿಮೂರು ತಿಂಗಳನ್ನೇ ಹದಿಮೂರು ವರ್ಷವೆಂದು ಎಣಿಸಿ ಯುದ್ಧಕ್ಕೆ ಹೊರಡೋಣ. ಇದರಲ್ಲಿ ಪಾಪವೇನಾದರೂ ಇದ್ದರೆ, ಚೆನ್ನಾಗಿ ದುಡಿಯುವ ಒಂದು ಎತ್ತಿಗೆ ಹೊಟ್ಟೆ ತುಂಬ ಮೇವು ಹಾಕಿ ಕಳೆದುಕೊಳ್ಳಬಹುದು! ವಾದದಲ್ಲಿ ಜಾಣತನವಿಲ್ಲವೆನ್ನುವಂತಿಲ್ಲ. ಶಾಸ್ತ್ರದ ಆಧಾರವಿದೆ, ದೃಷ್ಟಾಂತವಿದೆ, ಪ್ರಾಯಶ್ಚಿತ್ತದ ಏರ್ಪಾಡೂ ಇದೆ. ಧರ್ಮರಾಜನು ಇದನ್ನು ಒಪ್ಪಲಿಲ್ಲ. ಒಪ್ಪಿದ್ದರೆ ಮುಂದೆ ವಿರಾಟಪರ್ವವೇ ಇರುತ್ತಿರಲಿಲ್ಲ. ಸುಲಭದ ಬಾಗಿಲು ಮುಚ್ಚಿದ ಮೇಲೆಯೇ ಬುದ್ಧಿಯು ನಿಜವಾಗಿ ಕೆಲಸಕ್ಕೆ ತೊಡಗಿತು.

ಇನ್ನೊಂದು ಸುಲಭದ ಬಾಗಿಲೂ ಅವರಿಗೆ ತೆರೆದಿತ್ತು. ವನವಾಸದ ಕೊನೆಯಲ್ಲಿ ಯಕ್ಷಪ್ರಶ್ನೆಯ ಪ್ರಸಂಗ ಮುಗಿದು ಧರ್ಮದೇವತೆಯು ಪ್ರತ್ಯಕ್ಷನಾದಾಗ, ಹದಿಮೂರನೆಯ ವರ್ಷದಲ್ಲಿ ನಮ್ಮನ್ನು ಯಾರೂ ಗುರುತಿಸದಿರಲಿ ಎಂದು ಯುಧಿಷ್ಠಿರನು ವರವನ್ನು ಬೇಡಿದನು. ನಿಜರೂಪದಲ್ಲಿಯೇ ನೀವು ಭೂಮಿಯಲ್ಲೆಲ್ಲ ತಿರುಗಾಡಿದರೂ ಮೂರು ಲೋಕದಲ್ಲಿ ಯಾರೂ ಗುರುತಿಸಲಾರರೆಂದು ಧರ್ಮನು ಅನುಗ್ರಹಿಸಿದನು. ಇಂಥ ವರವು ಕೈಯಲ್ಲಿದ್ದ ಮೇಲೆ ವೇಷವೇಕೆ, ಶವವೇಕೆ, ನೂರೆಂಬತ್ತು ವರ್ಷದ ತಾಯಿಯ ಕಥೆಯೇಕೆ? ವರ ಸಿಕ್ಕಿದೆಯೆಂದು ಪಾಂಡವರು ಒಂದು ಎಚ್ಚರಿಕೆಯನ್ನಾದರೂ ಬಿಟ್ಟರೆಂದು ವಿರಾಟಪರ್ವದಲ್ಲಿ ಎಲ್ಲಿಯೂ ಕಾಣುವುದಿಲ್ಲ. ದೇವರ ಅನುಗ್ರಹವನ್ನು ಆಲಸ್ಯಕ್ಕೆ ಅನುಮತಿಯೆಂದು ತಿಳಿಯದಿರುವ ಭಕ್ತಿ ಇದು. ಹರಕೆ ಹೊತ್ತುಬಿಟ್ಟೆವೆಂದು ಪರೀಕ್ಷೆಯ ಪುಸ್ತಕವನ್ನು ಮುಚ್ಚಿಡುವ ವಿದ್ಯಾರ್ಥಿಗೆ ಈ ಭಾಗವನ್ನು ಓದಿ ಹೇಳಬೇಕು.

ಈಗ ವೇಷಗಳ ವಿಚಾರ. ಅಡಗಿಕೊಳ್ಳುವವನು ಸಾಮಾನ್ಯವಾಗಿ ತನಗೆ ಸಂಬಂಧವೇ ಇಲ್ಲದ ರೂಪವನ್ನು ತಾಳಲು ನೋಡುತ್ತಾನೆ, ಅಲ್ಲಿಯೇ ಸಿಕ್ಕಿಬೀಳುತ್ತಾನೆ. ಪಾಂಡವರು ಹಾಗೆ ಮಾಡಲಿಲ್ಲ. ಪ್ರತಿಯೊಬ್ಬನೂ ತನ್ನಲ್ಲಿದ್ದುದನ್ನೇ ಇನ್ನೊಂದು ಮಗ್ಗುಲಿಗೆ ತಿರುಗಿಸಿದನು. ಜೂಜಿನಿಂದ ರಾಜ್ಯವನ್ನು ಕಳೆದುಕೊಂಡ ಯುಧಿಷ್ಠಿರನು ಕಂಕನೆಂಬ ಹೆಸರಿನಿಂದ ಅರಸನ ಜೂಜಿನ ಒಡನಾಡಿಯಾದನು. ಹೊಟ್ಟೆಬಾಕನೆಂದು ಹೆಸರಾದ ಭೀಮನು ಅಡುಗೆಮನೆಯನ್ನು ಹೊಕ್ಕು ಬಲ್ಲವನಾದನು. ಅಲ್ಲಿ ಹೆಚ್ಚು ಉಂಡರೆ ಕೇಳುವವರು ಯಾರು? ನಕುಲನಿಗೆ ಕುದುರೆಲಾಯ, ಸಹದೇವನಿಗೆ ಗೋಶಾಲೆ. ಎಲ್ಲಕ್ಕಿಂತ ಕಷ್ಟದ ಸ್ಥಿತಿ ಅರ್ಜುನನದು. ಬಿಲ್ಲಿನ ಹೆದೆ ತಾಗಿ ತಾಗಿ ಎರಡೂ ತೋಳುಗಳ ಮೇಲೆ ಜಡ್ಡುಗಟ್ಟಿದ ಗಾಯದ ಗುರುತುಗಳು. ಅವನೊಬ್ಬನನ್ನು ಹಿಡಿದುಕೊಡಲು ಅಷ್ಟೇ ಸಾಕು. ಆ ಗುರುತನ್ನು ಮುಚ್ಚಬಲ್ಲ ವಸ್ತು ಯಾವುದು? ಬಳೆ. ಬಳೆಯನ್ನು ತೊಡಬೇಕಾದರೆ ವೇಷ ಯಾವುದು? ಬೃಹನ್ನಳೆ. ಹೀಗೆ ಗಾಯದಿಂದ ಬಳೆಗೆ, ಬಳೆಯಿಂದ ವೇಷಕ್ಕೆ, ವೇಷದಿಂದ ಅಂತಃಪುರದ ನಾಟ್ಯಶಾಲೆಗೆ ಆಲೋಚನೆ ನಡೆದಿದೆ. ಮುಖ್ಯ ದೋಷವನ್ನು ಮೊದಲು ಹಿಡಿದು, ಉಳಿದುದನ್ನು ಅದರ ಸುತ್ತ ಕಟ್ಟಿದ ಈ ಕ್ರಮವು ಯಾವ ಯೋಜನೆಯನ್ನು ಮಾಡುವವರಿಗೂ ಮನನೀಯವಾದದ್ದು.

ಅವರೆಲ್ಲರೂ ವಿರಾಟನಿಗೆ ತಮ್ಮ ಪೂರ್ವಸೇವೆಯನ್ನು ಹೇಳಿಕೊಂಡ ರೀತಿಯಲ್ಲಿ ಸ್ವಲ್ಪ ಹಾಸ್ಯವೂ ಇದೆ. ಕಂಕನು ಯುಧಿಷ್ಠಿರನ ಸ್ನೇಹಿತನಾಗಿದ್ದನಂತೆ, ಬಲ್ಲವನು ಯುಧಿಷ್ಠಿರನ ಬಾಣಸಿಗನಂತೆ, ಕುದುರೆಯವನು ಯುಧಿಷ್ಠಿರನ ಲಾಯದಲ್ಲಿದ್ದವನಂತೆ, ಗೋವಳನು ಯುಧಿಷ್ಠಿರನ ಹಸುಗಳನ್ನು ಎಣಿಸಿದವನಂತೆ. ಎಲ್ಲ ಯೋಗ್ಯತಾಪತ್ರಗಳಿಗೂ ಒಬ್ಬನದೇ ಸಹಿ. ವಿಚಾರಿಸಲು ಹೋದರೆ ಆ ಒಡೆಯನು ಎಲ್ಲಿರುವನೆಂದು ಯಾರಿಗೂ ತಿಳಿಯದು! ಆದರೂ ಇಲ್ಲಿ ಸುಳ್ಳಿನ ಪ್ರಮಾಣ ಎಷ್ಟು ಕಡಿಮೆಯೆಂಬುದನ್ನು ಗಮನಿಸಬೇಕು. ಹೇಳಿದ ವಿದ್ಯೆ ನಿಜ, ಮಾಡಿದ ಕೆಲಸವೂ ನಿಜ. ವಿರಾಟನಿಗೆ ಅವರ ಸೇವೆಯಿಂದ ಒಂದು ಕಾಸಿನಷ್ಟೂ ನಷ್ಟವಾಗಲಿಲ್ಲ. ಯುಕ್ತಿಯನ್ನು ಒರೆಗೆ ಹಚ್ಚಲು ಇದೊಂದು ಕಲ್ಲು: ಅದರಿಂದ ನಂಬಿದವನು ಕೆಟ್ಟನೆ, ಬದುಕಿದನೆ?

ಇಂಥದೊಂದು ಯೋಜನೆ ಅವರಿಗೆ ಹೊಳೆದದ್ದು ಎಲ್ಲಿಂದ? ವನವಾಸದಲ್ಲಿ ಯುಧಿಷ್ಠಿರನು ಎದೆಗುಂದಿದ್ದಾಗ ಬೃಹದಶ್ವ ಮಹರ್ಷಿಯು ಅವನಿಗೆ ನಳನ ಕಥೆಯನ್ನು ಹೇಳಿದನು. ಜೂಜಿನಲ್ಲಿ ಸೋತು ಕಾಡುಪಾಲಾದ ನಳನು ರೂಪ ಕೆಟ್ಟು, ಬಾಹುಕನೆಂಬ ಹೆಸರಿನಿಂದ ಋತುಪರ್ಣ ರಾಜನ ಬಳಿ ಸಾರಥಿಯಾಗಿದ್ದನು. ಅಶ್ವವಿದ್ಯೆಯಲ್ಲಿಯೂ ಅಡುಗೆಯಲ್ಲಿಯೂ ನಿಪುಣನು. ಕೊನೆಗೆ ಆ ಅರಸನಿಂದಲೇ ಪಗಡೆಯ ಮರ್ಮವನ್ನು ಕಲಿತು ರಾಜ್ಯವನ್ನು ಮರಳಿ ಪಡೆದನು. ಕಥೆ ಮುಗಿದ ಮೇಲೆ ಬೃಹದಶ್ವನು ಯುಧಿಷ್ಠಿರನಿಗೂ ಆ ಅಕ್ಷಹೃದಯವನ್ನು ಉಪದೇಶಿಸಿದನೆಂದಿದೆ. ಪರರಾಜನ ಆಶ್ರಯ, ಅಡುಗೆ, ಕುದುರೆ, ಪಗಡೆ: ವಿರಾಟನಗರದ ಯೋಜನೆಯ ಅಂಗಗಳೆಲ್ಲ ನಳೋಪಾಖ್ಯಾನದಲ್ಲಿಯೇ ಇವೆ! ಮಹಾಭಾರತವು ಈ ಸಂಬಂಧವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಓದುವವರಿಗೆ ಬಿಟ್ಟಿದೆ. ಆದರೆ ದುಃಖದಲ್ಲಿ ಕೇಳಿದ ಕಥೆಯೊಂದು ಮನಸ್ಸಿನ ತಳದಲ್ಲಿ ಕುಳಿತು, ವರ್ಷಗಳು ಕಳೆದ ಮೇಲೆ ದಾರಿಯಾಗಿ ಮೇಲೆದ್ದು ಬರುವುದು ಅನುಭವಕ್ಕೆ ವಿರುದ್ಧವಾದದ್ದೇನೂ ಅಲ್ಲ. ಹೊಸ ಬುದ್ಧಿಗೆ ಹಳೆಯ ಕಥೆ ಬೇಡವೆನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕನಕದಾಸರು ನಳಚರಿತ್ರೆಯನ್ನು ಕನ್ನಡಿಸಿದರು. ಅಜ್ಜಿಯರು ಅದನ್ನು ಮಕ್ಕಳಿಗೆ ಹೇಳಿದರು. ಆ ಕಥೆಗಳನ್ನು ಹೊತ್ತು ಕಳೆಯಲು ಹೇಳಿದ್ದೆಂದು ಮಾತ್ರ ತಿಳಿಯುವುದು ಅವಸರದ ತೀರ್ಮಾನ.

ನಗರಪ್ರವೇಶಕ್ಕೆ ಮೊದಲು ಪುರೋಹಿತನಾದ ಧೌಮ್ಯನು ಅರಸನ ಬಳಿ ಹೇಗೆ ಇರಬೇಕೆಂದು ಬುದ್ಧಿ ಹೇಳುತ್ತಾನೆ. ಇನ್ನೊಬ್ಬನಿಗೆ ಕೆಲಸವನ್ನು ಹೇಳುತ್ತಿರುವಾಗಲೇ ನಾನೇನು ಮಾಡಲೆಂದು ಮುಂದೆ ಬಂದು ನಿಲ್ಲುವವನು ಅರಮನೆಯಲ್ಲಿ ಬಾಳಬಲ್ಲನೆಂಬುದು ಅದರಲ್ಲೊಂದು ಮಾತು. ಇಂದಿನ ಕಚೇರಿಗಳಿಗೂ ಇದು ಸಲ್ಲುತ್ತದೆ, ಹೆಚ್ಚು ವಿವರಿಸಬೇಕಾಗಿಲ್ಲ.

ಪುಣೆಯ ವಾಚಕರಿಗೆ ಈ ಪರ್ವದೊಡನೆ ಇನ್ನೊಂದು ನಂಟುಂಟು. 1917ರಲ್ಲಿ ಇಲ್ಲಿ ಸ್ಥಾಪನೆಯಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು ಕೈಗೊಂಡು, ಭಾರತದ ನಾನಾ ಲಿಪಿಗಳ ಸಾವಿರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಹೋಲಿಸಿ, 1966ರಲ್ಲಿ ಆ ಮಹಾಕಾರ್ಯವನ್ನು ಪೂರ್ಣಗೊಳಿಸಿತು. ವಿ. ಎಸ್. ಸುಖಠಣಕರರು ಅದಕ್ಕೆ ಬುನಾದಿ ಹಾಕಿದ ಪ್ರಧಾನ ಸಂಪಾದಕರು. ವಿರಾಟಪರ್ವವನ್ನು ರಘುವೀರರು ಸಂಪಾದಿಸಿದರು, ಅದು 1936ರಲ್ಲಿ ಹೊರಬಂದಿತು. ಪಾಂಡವರು ನಗರವನ್ನು ಪ್ರವೇಶಿಸುವ ಮುನ್ನ ಯುಧಿಷ್ಠಿರನು ದುರ್ಗಾದೇವಿಯನ್ನು ಸ್ತುತಿಸುವ ಭಾಗವು ಪ್ರಚಲಿತ ಪಾಠದಲ್ಲಿದೆ. ಪುಣೆಯ ಆವೃತ್ತಿಯಲ್ಲಿ ಅದು ಮೂಲದಿಂದ ಹೊರಗೆ, ಅನುಬಂಧದಲ್ಲಿ ಸೇರಿದೆ. ಅರ್ಜುನನ ಬೃಹನ್ನಳಾ ವೇಷಕ್ಕೆ ಕಾರಣವೆಂದು ಹೇಳುವ ಊರ್ವಶೀಶಾಪದ ಪ್ರಸಂಗಕ್ಕೂ ವನಪರ್ವದಲ್ಲಿ ಇದೇ ಗತಿ.

ಇದನ್ನು ಕೇಳಿ ಭಕ್ತರು ನೊಂದುಕೊಳ್ಳಬೇಕಾದದ್ದಿಲ್ಲ. ಪಂಡಿತರ ಕೆಲಸ ಪಂಡಿತರದು. ಆದರೆ ಸೇರಿಸಿದವರ ಮನಸ್ಸನ್ನೂ ನೋಡಬೇಕು. ಇಷ್ಟು ದೊಡ್ಡ ಅಪಾಯದ ಹೊಸ್ತಿಲಲ್ಲಿ ನಿಂತ ಧರ್ಮರಾಜನು ತಾಯಿಯನ್ನು ನೆನೆಯದೆ ಒಳಗೆ ಕಾಲಿಟ್ಟಾನೆಯೆ ಎಂದು ಯಾವನೋ ಹಿಂದಿನ ಕಾಲದ ಭಕ್ತನಿಗೆ ಅನಿಸಿತು. ಕಥೆಯಲ್ಲಿ ಒಂದು ತೆರವು ಕಂಡಿತು. ಅಲ್ಲಿ ಒಂದು ಸ್ತೋತ್ರವನ್ನು ಇಟ್ಟನು. ನವರಾತ್ರಿಯಲ್ಲಿ ಚತುಃಶೃಂಗಿಯ ಗುಡ್ಡವನ್ನು ಹತ್ತುವ ಸಾವಿರಾರು ಜನರಿಗೆ ಆ ಅನಿಸಿಕೆ ಅರ್ಥವಾಗದೆ ಇರದು. ಪುರಾಣವನ್ನು ಕೇಳುತ್ತ ಕೇಳುತ್ತ ಅದನ್ನು ಮುಂದುವರಿಸುವುದೂ ಒಂದು ಸೃಷ್ಟಿಕಾರ್ಯವೇ. ಊರುಗಳೂ ಇದನ್ನೇ ಮಾಡಿವೆ. ಮತ್ಸ್ಯದೇಶದ ರಾಜಧಾನಿಯು ರಾಜಸ್ಥಾನದ ಬೈರಾಟ್ ಎಂದು ವಿದ್ವಾಂಸರು ಹೇಳಲಿ. ಹಾವೇರಿ ಜಿಲ್ಲೆಯ ಹಾನಗಲ್ಲಿನವರಿಗೆ ತಮ್ಮ ಊರೇ ವಿರಾಟನ ಕೋಟೆ. ಇತ್ತ ಪುಣೆಯ ದಕ್ಷಿಣಕ್ಕೆ, ಸಾತಾರಾ ಜಿಲ್ಲೆಯ ಕೃಷ್ಣಾತೀರದ ವಾಯಿ ಪಟ್ಟಣದವರೂ ತಮ್ಮದೇ ವಿರಾಟನಗರಿಯೆನ್ನುತ್ತಾರೆ. ಕನ್ನಡಿಗರಿಗೂ ಮರಾಠಿಗರಿಗೂ ಈ ವಿಷಯದಲ್ಲಿ ಗಡಿವಿವಾದವಿಲ್ಲದಿರುವುದು ಸಂತೋಷ.

ಇಷ್ಟರವರೆಗೆ ಹೇಳಿದ್ದು ಉಪಾಯದ ಸೊಗಸು. ಅದರ ಬೆಲೆಯನ್ನೂ ವಿರಾಟಪರ್ವವು ಮುಚ್ಚಿಡುವುದಿಲ್ಲ. ಆ ಬೆಲೆಯನ್ನು ಹೆಚ್ಚಾಗಿ ತೆತ್ತವಳು ದ್ರೌಪದಿ.

ಸೈರಂಧ್ರಿಯಾಗಿ ಸುದೇಷ್ಣೆಯ ಬಳಿಗೆ ಬಂದ ದಿನವೇ ಅವಳು ಕರಾರುಗಳನ್ನು ಮುಂದಿಟ್ಟಳು. ಎಂಜಲನ್ನು ಮುಟ್ಟುವುದಿಲ್ಲ, ಕಾಲು ತೊಳೆಯುವುದಿಲ್ಲ. ಐವರು ಗಂಧರ್ವರು ಕಣ್ಣಿಗೆ ಕಾಣದಂತೆ ತನ್ನನ್ನು ಕಾಯುತ್ತಿದ್ದಾರೆ, ತನ್ನನ್ನು ಬಯಸಿದವನು ಅದೇ ರಾತ್ರಿ ಸಾಯುತ್ತಾನೆ. ಅಂದು ಕೇಳಿದವರಿಗೆ ಇದು ದಾಸಿಯೊಬ್ಬಳ ಬಡಾಯಿಯೆಂದು ತೋರಿರಬಹುದು. ಆದರೆ ಮುಂದೊಂದು ದಿನ ಗಂಡಂದಿರಲ್ಲಿ ಯಾರಾದರೂ ಕೈಯೆತ್ತಲೇಬೇಕಾಗಿ ಬಂದರೆ, ಹೆಸರು ಹೊರಗೆ ಬಾರದಂತೆ ಕಾರಣವೊಂದು ಸಿದ್ಧವಾಗಿರಲಿ ಎಂದು ಅವಳು ಮೊದಲ ದಿನವೇ ಯೋಚಿಸಿದ್ದಳು. ಐವರು ಗಂಡಂದಿರ ಯೋಜನೆಗಳಲ್ಲಿ ಇಷ್ಟು ದೂರ ನೋಡಿದ್ದು ಇನ್ನೊಂದಿಲ್ಲ.

ಹತ್ತು ತಿಂಗಳು ಕಳೆದ ಮೇಲೆ ಕೀಚಕನ ಕಣ್ಣು ಬಿದ್ದಿತು. ತುಂಬಿದ ಸಭೆಯಲ್ಲಿ ಅವನು ಅವಳನ್ನು ಕಾಲಿನಿಂದ ಒದೆದನು. ಅಲ್ಲಿಯೇ ಕುಳಿತಿದ್ದ ಭೀಮನು ಹಲ್ಲು ಕಡಿದು ಏಳುವಷ್ಟರಲ್ಲಿ, ಗುಟ್ಟು ಬಯಲಾದೀತೆಂಬ ಭಯದಿಂದ ಯುಧಿಷ್ಠಿರನು ತನ್ನ ಹೆಬ್ಬೆರಳಿನಿಂದ ಅವನ ಹೆಬ್ಬೆರಳನ್ನು ಒತ್ತಿ ತಡೆದನು. ಒಂದು ಹೆಬ್ಬೆರಳಿನ ಕೆಳಗೆ ಕರಾರು, ಹದಿಮೂರು ವರ್ಷದ ತಪಸ್ಸು, ರಾಜ್ಯ; ಎದುರಿಗೆ ನೆಲದ ಮೇಲೆ ಬಿದ್ದ ಹೆಂಡತಿ. ಧರ್ಮರಾಜನು ಮಾಡಿದ್ದು ಸರಿಯೆ ಎಂಬ ಪ್ರಶ್ನೆಗೆ ಯಾವ ವ್ಯಾಖ್ಯಾನವೂ ಓದುಗನನ್ನು ಪೂರ್ತಿಯಾಗಿ ಸಮಾಧಾನಪಡಿಸಲಾರದು. ದ್ರೌಪದಿಯಂತೂ ಸಮಾಧಾನಗೊಳ್ಳಲಿಲ್ಲ. ಆ ರಾತ್ರಿ ಅವಳು ಹೋದದ್ದು ಧರ್ಮಜನ ಬಳಿಗೂ ಅಲ್ಲ, ಅರ್ಜುನನ ಬಳಿಗೂ ಅಲ್ಲ. ಅಡುಗೆಮನೆಯಲ್ಲಿ ಮಲಗಿದ್ದ ಭೀಮನ ಬಳಿಗೆ. ಗಂಧ ತೇಯ್ದು ತೇಯ್ದು ಒರಟಾದ ಕೈಗಳನ್ನು ಅವನಿಗೆ ತೋರಿಸಿದಳು. ಭೀಮನು ಆ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಅತ್ತನೆಂದು ಮಹಾಭಾರತ ಹೇಳುತ್ತದೆ. ತಿಂಗಳನ್ನು ವರ್ಷವೆಂದು ಎಣಿಸಲು ಹೊರಟಿದ್ದ ಅದೇ ಭೀಮ.

ಉಪಾಯವು ಆ ದುಃಖದಿಂದಲೇ ಹುಟ್ಟಿತು. ಹಗಲು ಹೆಣ್ಣುಮಕ್ಕಳು ಕುಣಿತವನ್ನು ಕಲಿಯುವ ನಾಟ್ಯಶಾಲೆ ರಾತ್ರಿ ನಿರ್ಜನವಾಗಿರುತ್ತದೆ. ಅಲ್ಲಿಗೆ ಕೀಚಕನನ್ನು ಒಂಟಿಯಾಗಿ ಬರಹೇಳಬೇಕು. ಅವನು ಬಂದನು, ಕತ್ತಲಲ್ಲಿ ಮಲಗಿದ್ದವನು ಭೀಮ. ಬೆಳಗಾಗುವ ಹೊತ್ತಿಗೆ ಕೈಕಾಲು ತಲೆಗಳು ಯಾವುವೆಂದು ತಿಳಿಯದಂತೆ ಮುದ್ದೆಯಾಗಿ ಬಿದ್ದ ದೇಹವನ್ನು ಕಂಡ ಕಾವಲುಗಾರರು, ಇದು ಗಂಧರ್ವರ ಕೆಲಸವೆಂದು ಹೇಳಿದರು. ಮೊದಲ ದಿನ ಬಿತ್ತಿದ ಮಾತು ಹತ್ತು ತಿಂಗಳ ಮೇಲೆ ಫಲ ಕೊಟ್ಟಿತು. ಕರಾರು ಉಳಿಯಿತು, ಮಾನವೂ ಉಳಿಯಿತು. ಯುಧಿಷ್ಠಿರನ ತಾಳ್ಮೆಯೊಂದರಿಂದ ಎರಡನ್ನೂ ಉಳಿಸುವುದು ಸಾಧ್ಯವಿರಲಿಲ್ಲ. ಭೀಮನ ಕೋಪವೊಂದರಿಂದಲೂ ಇಲ್ಲ.

ಅತ್ತ ಹಸ್ತಿನಾವತಿಯಲ್ಲಿ ಹುಡುಕುವವರ ಬುದ್ಧಿ ಹೇಗಿತ್ತೆಂಬುದೂ ನೋಡತಕ್ಕದ್ದೇ. ದುರ್ಯೋಧನನ ಗೂಢಚಾರರು ಕಾಡು, ಬೆಟ್ಟ, ಪಟ್ಟಣಗಳನ್ನೆಲ್ಲ ಜಾಲಾಡಿ ಬರಿಗೈಯಲ್ಲಿ ಮರಳಿದರು. ಅವರು ಅಡಗಿದವರನ್ನು ಹುಡುಕಿದರು. ಭೀಷ್ಮನೊಬ್ಬನು ಬೇರೆ ರೀತಿಯಲ್ಲಿ ಯೋಚಿಸಿದನು. ಯುಧಿಷ್ಠಿರನು ಇರುವ ನಾಡಿನಲ್ಲಿ ಜನರು ದಾನಶೀಲರಾಗಿರುತ್ತಾರೆ, ಹಸುಗಳು ಸಮೃದ್ಧಿಯಾಗಿರುತ್ತವೆ, ಮಳೆ ಕಾಲಕ್ಕೆ ಸರಿಯಾಗಿ ಬೀಳುತ್ತದೆ. ಅಂಥ ನಾಡು ಎಲ್ಲಿದೆಯೋ ನೋಡಿರಿ ಎಂದನು. ಮನುಷ್ಯನು ಮುಖವನ್ನು ಮರೆಸಬಹುದು, ತನ್ನ ಸುತ್ತಲಿನ ಪರಿಣಾಮವನ್ನು ಮರೆಸಲಾರ. ಮಳೆ ಹೋದ ವರ್ಷ ಕನ್ನಡ ನಾಡಿನ ಹಳ್ಳಿಗಳಲ್ಲಿ ವಿರಾಟಪರ್ವವನ್ನು ಓದಿಸುವ ಸಂಪ್ರದಾಯಕ್ಕೆ ಭೀಷ್ಮನ ಈ ಮಾತೇ ಮೂಲವಾಗಿದ್ದೀತು.

ಕೊನೆಗೆ ಗೋಗ್ರಹಣ. ಅರ್ಜುನನು ರಣರಂಗದಲ್ಲಿ ಕಾಣಿಸಿಕೊಂಡಾಗ, ಅವಧಿ ಇನ್ನೂ ಮುಗಿದಿಲ್ಲವೆಂಬ ತಕರಾರನ್ನು ದುರ್ಯೋಧನನು ಎತ್ತಿದನು. ಭೀಷ್ಮನು ಲೆಕ್ಕವನ್ನು ಹೇಳಿದನು: ಐದೈದು ವರ್ಷಕ್ಕೆ ಎರಡು ಅಧಿಕಮಾಸ, ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ರಾತ್ರಿ ಹೆಚ್ಚಾಗಿಯೇ ಸಂದಿದೆ. ಕಾಲಗಣನೆಯ ಇನ್ನೊಂದು ಮಾತು ಇದು. ಭೀಮನು ಕಾಡಿನಲ್ಲಿ ತೋರಿಸಿದ ಲೆಕ್ಕವನ್ನೂ ಇದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲಿಯೂ ಶಾಸ್ತ್ರವಿದೆ. ಒಂದು, ಸಲ್ಲಿಸಬೇಕಾದುದನ್ನು ತಗ್ಗಿಸಲು ಹೊರಟಿತು. ಇನ್ನೊಂದು, ಸಲ್ಲಿಸಿ ಮುಗಿದ ಮೇಲೆ ರಶೀದಿ ಬರೆಯಿತು.

ಇನ್ನು ಆ ಬನ್ನಿಯ ಮರ. ಒಲೆಯ ಮುಂದೆ ಪೌರುಷ ಕೊಚ್ಚುವವರಿಗೆಲ್ಲ ಕನ್ನಡದಲ್ಲಿ ಹೆಸರು ಕೊಟ್ಟ ಉತ್ತರಕುಮಾರನು ಕೌರವಸೇನೆಯನ್ನು ಕಂಡು ರಥದಿಂದ ಹಾರಿ ಓಡಿದನು. ಬೃಹನ್ನಳೆಯು ಅವನನ್ನು ಹಿಡಿದು ತಂದು, ಸಾರಥಿಯೇ ಯೋಧನಾಗುವನು, ಯೋಧನು ಸಾರಥಿಯಾದರೆ ಸಾಕೆಂದು ಧೈರ್ಯ ಹೇಳಿ, ರಥವನ್ನು ಸ್ಮಶಾನದ ಕಡೆಗೆ ತಿರುಗಿಸಿದನು. ಮರವನ್ನೇರಿ ಬಿಲ್ಲುಗಳನ್ನು ಇಳಿಸು ಎಂದಾಗ ಉತ್ತರನು ಹಿಂಜರಿದನು. ಈ ಮರದಲ್ಲಿ ಹೆಣವನ್ನು ಕಟ್ಟಿದ್ದಾರೆಂದು ಕೇಳಿದ್ದೇನೆ, ರಾಜಪುತ್ರನಾದ ನಾನು ಅದನ್ನು ಕೈಯಿಂದ ಹೇಗೆ ಮುಟ್ಟಲಿ ಎಂದನು. ದನಗಾಹಿಗಳಿಗೆ ಹೇಳಿದ ಕಥೆಯು ಒಂದು ವರ್ಷದಲ್ಲಿ ಅರಮನೆಯನ್ನೂ ಮುಟ್ಟಿತ್ತು! ಹೆದರಬೇಡ, ಅಲ್ಲಿ ಇರುವುದು ಬಿಲ್ಲುಗಳೇ, ಹೆಣವೇನೂ ಇಲ್ಲ ಎಂದು ಅರ್ಜುನನು ಹೇಳಿದ ಮೇಲೆ, ಉತ್ತರನು ಕುಂಡಲಗಳೊಡನೆ ರಥದಿಂದ ಇಳಿದು, ಬೇರೆ ದಾರಿಯಿಲ್ಲದೆ ಮರವನ್ನು ಹತ್ತಿದನು. ಸುತ್ತಿದ ಹೊದಿಕೆಯನ್ನು ಬಿಚ್ಚಿದಾಗ ಗಾಂಡೀವವೂ ಉಳಿದ ನಾಲ್ಕು ಬಿಲ್ಲುಗಳೂ ಸೂರ್ಯನಂತೆ ಹೊಳೆದವು. ಇವು ಯಾರವೆಂದು ಅವನು ಒಂದೊಂದನ್ನೇ ತೋರಿಸಿ ಕೇಳತೊಡಗಿದನು.